ಕಟ್ಟು ನನಗೆ, ಕಾಳು ಎಮ್ಮೆಗೆ

ರೊಟ್ಟಿ ತಟ್ಟುತ್ತಿದ್ದೆ. ಹೆಂಚು ದೂರ ಹೋಯಿತು.

ಹೋಯಿತು ಎಂದರೆ ಹೇಗೆ ಹೇಳಲಿ? ಒಲೆ, ಹೆಂಚು, ಅದರ ಮೇಲಿನ ಜೋಳದ ರೊಟ್ಟಿ, ಎಲ್ಲವೂ ಮೆಲ್ಲಗೆ ಹಿಂದಕ್ಕೆ ಸರಿದು ಕಿಟಕಿಯ ಬಿಸಿಲಿನಲ್ಲಿ ತೇಲತೊಡಗಿದವು. ಕಣ್ಣು ಬಿಟ್ಟಾಗ ತಲೆ ಅತ್ತೆಯವರ ತೊಡೆಯ ಮೇಲಿತ್ತು. ಅವರ ಮುಖ ಅರಳಿತ್ತು. ಮದುವೆಯಾಗಿ ಒಂಬತ್ತು ವರ್ಷ ಕಾದ ಮನೆಯಲ್ಲಿ ಸೊಸೆ ತಲೆ ತಿರುಗಿ ಬಿದ್ದರೆ ಅರ್ಥ ಒಂದೇ ಅಲ್ಲವೇ?

ಆದರೆ ನಾನು ಬಸುರಾಗಿರಲಿಲ್ಲ.

ಕೊಟ್ಟೂರಿನಿಂದ ದಾವಣಗೆರೆಗೆ ಹೋದೆವು, ನಾನೂ ನಮ್ಮ ಮನೆಯವರೂ. ಮಕ್ಕಳಿಲ್ಲದವರಿಗೆ ಟ್ರೀಟ್‌ಮೆಂಟ್ ಕೊಡುವ ಡಾಕ್ಟರಮ್ಮ ರಿಪೋರ್ಟ್ ನೋಡಿದರು, ನನ್ನ ಮಣಿಕಟ್ಟು ಹಿಡಿದು ನೋಡಿದರು. ತೂಕ ಮೂವತ್ತೆಂಟು ಕೆಜಿ. ರಕ್ತದಲ್ಲಿ ಪ್ರೋಟೀನ್ ಕಡಿಮೆ.

"ಮೊಟ್ಟೆ ತಿಂತೀರಾ?"

ಕೊರಳಿನ ಲಿಂಗದ ಮೇಲೆ ತಾನಾಗಿಯೇ ಕೈ ಹೋಯಿತು. ಅವರು ನಕ್ಕರು. "ಆಯ್ತಮ್ಮ, ಬೇಡ. ಕಾಳು, ಬೇಳೆ, ಹಾಲು, ಮೊಸರು ಚೆನ್ನಾಗಿ ತಿನ್ನಿ. ಎರಡು ತಿಂಗಳು ಬಿಟ್ಟು ಬನ್ನಿ. ಮೈ ಹೀಗೇ ಇದ್ರೆ ನಾನು ಮಕ್ಕಳಾಗೋ ಇಂಜೆಕ್ಷನ್ ಶುರು ಮಾಡಲ್ಲ."

ನನಗಾಗ ಮೂವತ್ತೆರಡು. ಎರಡು ತಿಂಗಳು ಎಂದರೆ ಎರಡು ತಿಂಗಳಲ್ಲ. ಬೆರಳ ಸಂದಿಯಿಂದ ಸೋರುವ ನೀರು.

ನಮ್ಮ ಮನೆಯವರದು ಕಾಳುಕಡಿ ಅಂಗಡಿ. ಹೆಸರು, ಮಡಕಿ, ಅಲಸಂದಿ, ಒಳ್ಳೊಳ್ಳೆಯದನ್ನೇ ಆರಿಸಿ ಮನೆಗೆ ತಂದರು. ಬೇಯಿಸಿ ಕೊಡುವ ಕೆಲಸವನ್ನು ಅತ್ತೆ ಕೈಗೆತ್ತಿಕೊಂಡರು. ಬೆಳಗ್ಗೆ ಒಲೆಯ ಮೇಲೆ ಕಾಳು ಕುದಿಯುವ ವಾಸನೆಗೇ ನನಗೆ ಎಚ್ಚರವಾಗುತ್ತಿತ್ತು. ದಿನಕ್ಕೆ ಮೂರು ಲೋಟ ಕಟ್ಟು ಕೊಡುತ್ತಿದ್ದರು. ಬಿಸಿಬಿಸಿ, ಜೀರಿಗೆ ಹಾಕಿ, ಒಂದು ಚಮಚ ತುಪ್ಪ ಬಿಟ್ಟು. "ಕುಡಿಯವ್ವಾ, ಕಣ್ಣು ಮುಚ್ಚಿ ಕುಡಿ. ಒಳಗ ಬಂಗಾರ ಹೊಕ್ಕಂಗ."

ಕುಡಿದೆ. ಕುಡಿದು ಪಡಸಾಲೆಯಲ್ಲಿ ಒರಗಿದರೆ ಮಧ್ಯಾಹ್ನವೆಲ್ಲ ಹತ್ತಿಯ ಮೇಲೆ ತೇಲಿದ ಹಾಗೆ. ಹೊರಗೆ ಹಿತ್ತಲಲ್ಲಿ ಎಮ್ಮೆ ಮೆಲುಕು ಹಾಕುವ ಸದ್ದು, ಯಾರದೋ ರೇಡಿಯೋ, ನನ್ನ ಉಸಿರು, ಎಲ್ಲವೂ ಒಂದರೊಳಗೊಂದು ಕರಗಿ, ನಾನು ಎಲ್ಲಿ ಮುಗಿದೆ, ಮನೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುತ್ತಿರಲಿಲ್ಲ. ಆ ಜೊಂಪಿನಲ್ಲಿ ಒಂದು ಮಗು ನನ್ನ ಸೆರಗು ಹಿಡಿದು ಎಳೆಯುತ್ತಿತ್ತು. ಮುಖ ಮಾತ್ರ ಒಮ್ಮೆಯೂ ಕಾಣಲಿಲ್ಲ.

ಎರಡು ತಿಂಗಳಾಯಿತು. ಈ ಸಲ ಅತ್ತೆಯೂ ಹಟ ಹಿಡಿದು ಬಂದರು.

ತೂಕದ ಮೆಷಿನ್ ಮೇಲೆ ನಿಂತೆ. ಮೂವತ್ತೇಳು.

"ಏನು ತಿಂದ್ರಿ?" ಡಾಕ್ಟರಮ್ಮನ ದನಿ ಗಟ್ಟಿಯಾಯಿತು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ, "ಇಕಿ ತಪ್ಪಿಲ್ರೀ ಡಾಕ್ಟ್ರಮ್ಮ. ದಿನಾ ಮೂರು ಲೋಟ ಕಟ್ಟು ನಾನ ನಿಂತು ಕುಡಿಸೀನಿ."

"ಕಟ್ಟು ಅಂದ್ರೆ ಕಾಳು ಬೇಯಿಸಿದ ನೀರಾ? ಕಾಳು?"

"ಕಾಳು ವಾಯು ಅಲ್ಲೇನ್ರಿ? ಬಸುರಾಗೋ ಹೊಟ್ಟಿಗೆ ಅದನ್ನ ಹಾಕ್ತಾರೇನು? ಸತ್ವೆಲ್ಲಾ ಕಟ್ಟಿನಾಗ ಇಳಿದಿರತೈತಿ. ಚರಟ ಎಮ್ಮಿಗೆ ಹಾಕತೀನ್ರಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅಜ್ಜಿ, ನಿಮ್ಮ ಸೊಸೆಯ ಪ್ರೋಟೀನೆಲ್ಲಾ ಎಮ್ಮೆ ತಿಂದಿದೆ."

"ಹೌದ್ರಿ? ಅದಕ್ಕ ಅದು ಗಬ್ಬ ಆಗೇತಿ!"

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ನಾನೂ ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಅತ್ತೆ ಒಮ್ಮೆ ನನ್ನನ್ನು, ಒಮ್ಮೆ ಡಾಕ್ಟರಮ್ಮನನ್ನು ನೋಡಿದರು. ಏನಾಗಿದೆಯೆಂದು ಅವರಿಗೆ ಆಗ ಹೊಳೆಯಿತು.

"ಇನ್ನೆರಡು ತಿಂಗಳು," ಎಂದರು ಡಾಕ್ಟರಮ್ಮ. "ಕಾಳು ಬಾಯಿಗೆ ಹೋಗಲಿ."

ಮನೆಗೆ ಬಂದು ಕೈಕಾಲು ತೊಳೆದು, ಒಲೆಯ ಮುಂದೆ ಕುಳಿತ ಮೇಲೆ ಅತ್ತೆ ಹೇಳಿದರು: "ನಮ್ಮವ್ವ ಹೇಳಿದ್ಲು, ಅವರವ್ವ ಹೇಳಿದ್ಲು. ನಾನೂ ಮೂರೂ ಬಸುರಿಗೆ ಕಟ್ಟ ಕುಡದೀನಿ. ಎರಡು ಉಳೀಲಿಲ್ಲ."

ನನಗೆ ಗೊತ್ತೇ ಇರಲಿಲ್ಲ.

ಅದಕ್ಕೂ ಇದಕ್ಕೂ ನಂಟು ಇತ್ತೋ ಇಲ್ಲವೋ, ಯಾರು ಬಲ್ಲರು. ನಾನು ಅವರ ಪಕ್ಕ ಕುಳಿತೆ. ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದೂ, ನಾವಿಬ್ಬರೂ ಒಂದೇ ನೋವನ್ನು ಬೇರೆ ಬೇರೆ ಮೂಲೆಯಲ್ಲಿ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದೆವು ಎನ್ನುವುದು ಆ ಸಂಜೆ ತಿಳಿಯಿತು. ಆ ರಾತ್ರಿಯೇ ಅವರು ಮಡಕಿ ಕಾಳು ನೆನೆಹಾಕಿದರು.

ಮೊಳಕೆ ಉಸುಳಿ, ಹೆಸರುಬೇಳೆ ತೊವ್ವೆ, ಗಟ್ಟಿ ಮೊಸರು, ಪುಟಾಣಿ ಉಂಡೆ. ನಮ್ಮ ಮನೆಯವರು ಎಲ್ಲಿಂದಲೋ ಒಣ ಸೋಯಾ ತುಣುಕು ತಂದರು. ನೆನೆದ ತುಣುಕೊಂದನ್ನು ಅತ್ತೆ ಹಿಚುಕಿ ನೋಡಿ ಮಗನ ಮೇಲೆ ಹಾಯ್ದರು. "ಲೇ, ಇದೇನ್ಲೇ, ಖಂಡ ಇದ್ದಂಗ ಐತಲ್ಲ! ಲಿಂಗವಂತರ ಮನಿಗೆ ಏನು ತಂದೀ?"

"ಕಾಳಿಂದನ ಮಾಡ್ಯಾರಬೇ, ಅವರೆ ಹಂಗ ಅದೂ ಒಂದು ಕಾಳು."

"ನೀ ಮೊದ್ಲು ತಿಂದು ತೋರ್ಸು."

ಅವರು ತಿಂದು ತೋರಿಸಿದರು. ಆಮೇಲೆ ನಾನು.

ಎರಡು ತಿಂಗಳಿಗೆ ನಲವತ್ತೆರಡು ಕೆಜಿ. ಇಂಜೆಕ್ಷನ್ ಶುರುವಾಯಿತು. ಹೊಟ್ಟೆ ಉಬ್ಬರ, ತಲೆ ಭಾರ, ಹಗಲಿಗೂ ಕನಸಿಗೂ ನಡುವಿನ ಗೋಡೆ ಮತ್ತೆ ತೆಳುವಾಯಿತು. ಸ್ಕ್ಯಾನ್ ಆಯಿತು. ವೀರ್ಯವನ್ನು ನಳಿಕೆಯಿಂದ ಗರ್ಭಕ್ಕೆ ಬಿಡುವ ಐಯುಐ ಆಯಿತು. ಹದಿನೈದು ದಿನ ನಾನು ನೀರು ತುಂಬಿದ ಕೊಡ ಹೊತ್ತವಳ ಹಾಗೆ ನಡೆದೆ.

ನೆಗೆಟಿವ್.

ಡಾಕ್ಟರಮ್ಮ ಕೈ ಹಿಡಿದರು. "ಮೈ ಈಗ ಚೆನ್ನಾಗಿದೆ. ಇನ್ನೊಮ್ಮೆ ನೋಡೋಣ. ಅವಸರ ಇಲ್ಲ." ನಮ್ಮ ಮನೆಯವರು ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡಿ ಅತ್ತೆಯವರನ್ನು ಕರೆಸಿದರು. ಆ ಕಡೆಯಿಂದ ಒಂದೇ ಮಾತು ಬಂತಂತೆ: "ಅಕಿ ಉಂಡಾಳೇನು?"

ಉಂಡಿರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದೆ. ಹೊಲಗಳು, ಜಾಲಿಮರ, ಮೈಲುಗಲ್ಲು, ಎಲ್ಲವೂ ನಿದ್ದೆಯಲ್ಲಿ ಹಾದುಹೋದಂತೆ ಹಾದುಹೋದವು. ಅಳುತ್ತಿದ್ದೆ. ಹರಪನಹಳ್ಳಿಯಲ್ಲಿ ಬಸ್ಸು ನಿಂತಾಗ ಹುರಿದ ಶೇಂಗಾದ ವಾಸನೆ ಬಂತು. ನನಗೆ ಹಸಿವಾಯಿತು.

ಇಷ್ಟು ತಿಂಗಳು ಬರಬೇಕಾದವರ ಸಲುವಾಗಿ ತಿಂದಿದ್ದೆ. ಈ ಹಸಿವು ನನ್ನದು. ಒಳಗೆ ಯಾರೂ ಇಲ್ಲದಿದ್ದರೂ ನಾನಿದ್ದೆನಲ್ಲ.

ಅಳುತ್ತಲೇ ಒಂದು ಪೊಟ್ಟಣ ಮುಗಿಸಿದೆ. ಪಕ್ಕದಲ್ಲಿ ಕುಳಿತ ನಮ್ಮ ಮನೆಯವರು ನೋಡಿ, ಜೇಬಿಗೆ ಕೈ ಹಾಕಿದರು.

"ಇನ್ನೊಂದು ತರ್ಲೇನು?"

"ತರ್ರಿ," ಎಂದೆ.