ಕಿರೀಟ ತೆಗೆಯುವ ಚರಣ

೧೯೮೪ರಲ್ಲಿ, ಏಳನೇ ಕ್ಲಾಸಿನ ಅರ್ಧದಲ್ಲಿ, ನಾನು ಓದು ಬಿಟ್ಟೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಆವತ್ತಿನಿಂದ ದುಡಿದೇ ತಿಂದಿದ್ದೇನೆ. ನಾಚಿಕೆ ಇರುವುದು ೨೦೦೭ರ ನವೆಂಬರಿನ ಒಂದು ಮಧ್ಯಾಹ್ನದ ಬಗ್ಗೆ. ಪೀಣ್ಯದಲ್ಲಿ ನಮ್ಮ ಕಾರ್ಖಾನೆಯ ರಾಜ್ಯೋತ್ಸವದ ನಾಟಕ. ಹಾರ್ಮೋನಿಯಂ ನನ್ನದು. ಗಂಗಣ್ಣನವರ ಗಂಟಲು ಒಡೆಯಲಿ ಎಂದು, ಬೇಕೆಂದೇ, ನಾನು ಶ್ರುತಿ ಏರಿಸಿದೆ. ಒಡೆಯಿತು. ಅವರು ಮತ್ತೆ ಯಾವತ್ತೂ ಹಾಡಲಿಲ್ಲ.

ನಾನು ಲೇತ್ ಕೆಲಸದವನು. ಹಾರ್ಮೋನಿಯಂ ಕಲಿತದ್ದು ಕುಣಿಗಲ್ ಕಡೆಯ ನಮ್ಮೂರಿನಲ್ಲಿ, ನಾಟಕ ಕಲಿಸಲು ಬರುತ್ತಿದ್ದ ಮುದುಕರೊಬ್ಬರ ಪಕ್ಕ ಕೂತು. ಕಾರ್ಖಾನೆಯ ಒಳಗೆ ನನಗೊಂದು ಟೋಕನ್ ನಂಬರು ಇತ್ತು, ಅಷ್ಟೆ. ಆದರೆ ಸಂಜೆ ಶಿಫ್ಟ್ ಬಿಟ್ಟ ಮೇಲೆ ಸೈಕಲ್ ಸ್ಟ್ಯಾಂಡಿನ ಹಿಂದಿನ ಶೆಡ್ಡಿನಲ್ಲಿ ಪೆಟ್ಟಿಗೆ ಬಿಚ್ಚಿ ಕೂತರೆ ಎಲ್ಲರಿಗೂ ನಾನು ‘ಮೇಷ್ಟ್ರು’. ನಾಟಕಕ್ಕೆ ಹಾರ್ಮೋನಿಯಂ ನುಡಿಸಿ ಹಾಡು ಕಲಿಸುವವನನ್ನು ನಮ್ಮ ಕಡೆ ಹಾಗೇ ಕರೆಯುವುದು. ಏಳನೇ ಕ್ಲಾಸು ದಾಟದವನಿಗೆ ಆ ಹೆಸರು ಎಷ್ಟು ರುಚಿ ಎಂದು — ಓದಿದವರಿಗೆ ಹೇಗೆ ಹೇಳಲಿ.

ಆ ಶೆಡ್ಡು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೈ ಎಷ್ಟು ತೊಳೆದರೂ ಹೋಗದ ಆಯಿಲ್ ವಾಸನೆ, ಕ್ಯಾಂಟೀನಿನಿಂದ ಮಿಕ್ಕ ಬೋಂಡ, ತಂತಿಗೆ ನೇತುಹಾಕಿದ ಬಲ್ಬು. ಮೊದಲ ವರ್ಷ ನಮ್ಮ ಫೋರ್‌ಮನ್ ಉತ್ಸಾಹದಲ್ಲಿ ಗದೆಯನ್ನು ಕಬ್ಬಿಣದಲ್ಲೇ ಮಾಡಿಸಿಬಿಟ್ಟಿದ್ದ. ಪಾತ್ರಧಾರಿ ಅದನ್ನು ಎತ್ತಲಾರದೆ ಉರುಳಿಸಿಕೊಂಡೇ ರಂಗಕ್ಕೆ ಬಂದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಆ ವರ್ಷ ಎತ್ತಿಕೊಂಡದ್ದು ಮುದಿ ರಾಜನೊಬ್ಬ ಪಟ್ಟ ಬಿಟ್ಟು ಕಾಡಿಗೆ ಹೋಗುವ ಹಳೆಯ ನಾಟಕ. ಊರಿನಲ್ಲಾದರೆ ರಾತ್ರಿ ಶುರುವಾಗಿ ಬೆಳಗಿನವರೆಗೆ ನಡೆಯುವಂಥದ್ದು. ಮಾತಿಗಿಂತ ಹಾಡೇ ಹೆಚ್ಚು. ಪರ್ಸೊನೆಲ್ ಆಫೀಸರು ನನ್ನನ್ನು ಕರೆಸಿ ಹೇಳಿದರು: “ಊಟ ಆದ್ಮೇಲೆ ಎರಡೇ ಗಂಟೆ ಕಣ್ರೀ. ಬಸ್ ಬಿಡೋ ಹೊತ್ತಿಗೆ ಮುಗೀಬೇಕು. ಮೀರಿದ್ರೆ ಮುಂದಿನ ವರ್ಷದಿಂದ ಆರ್ಕೆಸ್ಟ್ರಾ ಕರೆಸ್ಬಿಡ್ತೀವಿ.”

ಕತ್ತರಿಸಲು ಕೂತೆ. ವಿದೂಷಕ ಹೋದ. ತೋಟದ ದೃಶ್ಯ ಹೋಯಿತು. ಯುದ್ಧ ಪೂರ್ತಿ ಹೋಯಿತು. ಸೇನಾಧಿಪತಿ ಪಾತ್ರದವನು ಮುಖ ಊದಿಸಿಕೊಂಡ: “ಯುದ್ಧ ಆಗೋಯ್ತು ಅಂತ ಬಂದು ಹೇಳೋಕೆ ನಾನ್ಯಾಕೆ ಮೇಷ್ಟ್ರೇ? ಗೇಟ್ ಸೆಕ್ಯೂರಿಟಿಯವನ್ನೇ ಕಳ್ಸಿ.” ಆದರೂ ಒಪ್ಪಿದ. ಎಲ್ಲರೂ ಒಪ್ಪಿದರು — ಗಂಗಣ್ಣ ಒಬ್ಬರನ್ನು ಬಿಟ್ಟು.

ಗಂಗಣ್ಣ ಹಿರಿಯ ಫಿಟ್ಟರ್, ರಿಟೈರ್ ಆಗುವುದಕ್ಕೆ ಸ್ವಲ್ಪವೇ ಉಳಿದಿತ್ತು. ಮುದಿ ರಾಜನ ಪಾತ್ರ ಅವರದು. ಕೊನೆಯಲ್ಲಿ ರಾಜ ಹಾಡುವ ಪದಕ್ಕೆ ಮೂರು ಚರಣ. ಅವರ ಸೋದರಮಾವನ ಬಾಯಿಂದ ಅವರ ಬಾಯಿಗೆ ಬಂದದ್ದು, ಎಲ್ಲೂ ಬರೆದಿಟ್ಟದ್ದಲ್ಲ. ಒಂದೊಂದು ಚರಣವನ್ನೂ ಎಳೆದು, ಸ್ವರದ ಮೇಲೆ ನಿಂತು ಹಾಡುವರು.

“ಒಂದು ಚರಣ ಸಾಕು ಗಂಗಣ್ಣ, ಟೈಮಿಲ್ಲ” ಎಂದೆ.

“ಕಿರೀಟ ತೆಗೆಯೋದು ಮೂರನೇದ್ರಾಗೆ ಮೇಷ್ಟ್ರೇ. ಒಂದಕ್ಕೇ ನಿಲ್ಸಿದ್ರೆ ಕಿರೀಟ ಆಕ್ಕೊಂಡೇ ಕಾಡಿಗೆ ಓಗ್ಬೇಕಾಯ್ತದೆ. ಅಂಗೆ ಓಗೋನು ಎಂಥಾ ರಾಜ?” ಎಂದರು. ನಾನು ಬಿಡಲಿಲ್ಲ. ಆಗ ಎಲ್ಲರೆದುರು ನಗುತ್ತಾ ಅಂದರು: “ನೀವು ಪೆಟ್ಟಿಗೆ ನುಡ್ಸಿ. ನಾಟ್ಕ ಕತ್ತರ್ಸೋ ಕೆಲ್ಸ ಓದ್ಕೊಂಡೋರು ಮಾಡ್ಲಿ.”

ಎಲ್ಲರೂ ನಕ್ಕರು. ಅವರಿಗೆ ಕೆಡುಕಿನ ಯೋಚನೆ ಇರಲಿಲ್ಲ — ಅವರಾದರೂ ಎಷ್ಟು ಓದಿದ್ದರು. ಆದರೆ ನನ್ನ ‘ಮೇಷ್ಟ್ರು’ ಆ ನಗೆಯಲ್ಲಿ ಕಳಚಿ ಬಿದ್ದಂತಾಯಿತು. ಶ್ರುತಿ ಏರಿಸಿದ್ದು ನಾಟಕ ಉಳಿಸಲು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ನಗೆಗಾಗಿ ಮಾಡಿದೆ.

ಅಭ್ಯಾಸವೆಲ್ಲ ನಡೆದದ್ದು ‘ಕರಿ ಒಂದು’ ಶ್ರುತಿಯಲ್ಲಿ — ಹಾರ್ಮೋನಿಯಂನ ಮೊದಲ ಕರಿ ಮನೆ. ಗಂಗಣ್ಣನವರ ಗಂಟಲು ಅದರ ಮೇಲೆ ಒಂದು ಎಳೆಯೂ ಏರದು ಎಂದು ನನಗೊಬ್ಬನಿಗೆ ಚೆನ್ನಾಗಿ ಗೊತ್ತಿತ್ತು. ನಾಟಕದ ದಿನ ಪಕ್ಕದ ಕರಿ ಮನೆಗೆ ಜರುಗಿದೆ. ಬೆರಳಿಗೆ ಅದು ಒಂದಂಗುಲ.

ತಬಲಾ ಅನ್ವರನಿಗೆ ಅನುಮಾನ ಬಂತು. “ಕರಿ ಒಂದಲ್ವಾ ಮೇಷ್ಟ್ರೇ?”

“ದೊಡ್ಡ ಶಾಮಿಯಾನ ಕಣೋ, ದೂರ ಕೇಳ್ಬೇಕು. ಎರಡಕ್ಕೆ ಏರ್ಸು.”

ಅವನು ಸುತ್ತಿಗೆಯಲ್ಲಿ ತಟ್ಟಿ ತಬಲಾ ಏರಿಸಿಕೊಂಡ. ಹುಡುಗರೆಲ್ಲ ಎಳೆಯ ಗಂಟಲಿನವರು, ಏರಿಸಿ ಹಾಡಿದರು. ನಾಟಕಕ್ಕೆ ಹೊಸ ಕಳೆಯೇ ಬಂತು. ಗಂಗಣ್ಣ ಬಂದರು. ಪಲ್ಲವಿ ಹೇಗೋ ದಾಟಿತು. ಮೊದಲ ಚರಣದ ಕೊನೆಯಲ್ಲಿ ಮೇಲಿನ ಸ್ವರ ಹಿಡಿಯಲು ಹೋದರು — ದನಿ ಸೀಳಿತು. ಮತ್ತೊಮ್ಮೆ ಹಿಡಿದರು. ಬರೀ ಗಾಳಿ. ನನ್ನ ಕಡೆ ನೋಡಿದರು. ಆ ನೋಟದಲ್ಲಿ ಅನುಮಾನವಿರಲಿಲ್ಲ. ತಪ್ಪು ಮಾಡಿದವರು ಕ್ಷಮೆ ಕೇಳುವ ನೋಟ. ಆಗಲಾದರೂ ಬೆರಳನ್ನು ಒಂದಂಗುಲ ಹಿಂದಕ್ಕೆ... ಜರುಗಿಸಲಿಲ್ಲ. ಮುಕ್ತಾಯ ನುಡಿಸಿಬಿಟ್ಟೆ. ಅವರು ಕಿರೀಟದ ಸಮೇತ ಕಾಡಿಗೆ ನಡೆದರು. ಮೂರನೆಯ ಚರಣವೆಲ್ಲ ಕೆಳಗಿನ ಸ್ವರಗಳಲ್ಲೇ ಇತ್ತು. ಆ ಶ್ರುತಿಯಲ್ಲೂ ಅವರು ಅದನ್ನು ಸಲೀಸಾಗಿ ಹಾಡಬಹುದಿತ್ತು.

ನಾಟಕ ಹೊತ್ತಿಗೆ ಮೊದಲೇ ಮುಗಿಯಿತು. ಆಫೀಸರು ನನ್ನನ್ನು ಮೇಲೆ ಕರೆದು ಹಾರ ಹಾಕಿದರು. ಬಣ್ಣದ ಮನೆಗೆ ಹೋದರೆ ಗಂಗಣ್ಣ ಕಿರೀಟ ಇಟ್ಟುಕೊಂಡೇ ಕುರ್ಚಿಯ ಮೇಲೆ ಕೂತಿದ್ದರು. “ಗಂಟ್ಲು ಓಯ್ತು ಮೇಷ್ಟ್ರೇ. ನಿಮ್ಮ ನಾಟ್ಕ ಕೆಡಿಸ್ಬಿಟ್ಟೆ” ಎಂದರು. ಕಿರೀಟದ ದಾರ ಬಿಚ್ಚಿದವನು ಅನ್ವರ್. ನನ್ನ ಕೈ ಮುಂದೆ ಹೋಗಲಿಲ್ಲ.

ಇಷ್ಟೇ ಆಗಿದ್ದರೆ ಸಿಟ್ಟಿನ ಕೆಲಸ ಎನ್ನಬಹುದಿತ್ತು. ಅವರು ರಿಟೈರ್ ಆಗುವ ವಾರ, ಕ್ಯಾಂಟೀನಿನ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಾ ಮೆಲ್ಲಗೆ ಕೇಳಿದರು: “ಮೇಷ್ಟ್ರೇ, ಅವತ್ತು ಶ್ರುತಿ ಕರಿ ಒಂದೇ ತಾನೇ?”

ಬಾಗಿಲು ತೆರೆದು ಕೊಟ್ಟಿದ್ದರು. ನಾನು ಹೇಳಿದ್ದು — “ಅದೇ ಗಂಗಣ್ಣ. ವಯಸ್ಸಾಯ್ತಲ್ವಾ ನಿಮ್ಗೆ.”

“ಅಂಗಾದ್ರೆ ಸರಿ” ಎಂದು ತಟ್ಟೆ ಒರೆಸಿಕೊಂಡು ಹೋದರು. ಅವರ ಗಂಟಲು ಚೆನ್ನಾಗೇ ಇತ್ತು. ಅದನ್ನು ಕೊಂದದ್ದು ಏರಿದ ಶ್ರುತಿಯಲ್ಲ, ಆ ಮಾತು.

ಎರಡು ವರ್ಷ ಕಳೆದು ಆರ್ಕೆಸ್ಟ್ರಾ ಹೇಗೂ ಬಂತು. ಶೆಡ್ಡು ಇದ್ದ ಕಡೆ ಕಾರುಗಳು ನಿಲ್ಲುತ್ತವೆ. ಹೋದ ವರ್ಷ ಗಂಗಣ್ಣ ತೀರಿಕೊಂಡರು. ಹನ್ನೊಂದನೆಯ ದಿನ ಭಜನೆಗೆ ನನ್ನನ್ನೇ ಕರೆದರು. ಅವರ ಮಗಳು ಶಾರದಮ್ಮ ಪಕ್ಕ ಬಂದು ಕೂತು, “ಗಂಟ್ಲು ಓಯ್ತು ಅಂತ ಅಪ್ಪ ಮನೇಲೂ ಪದ ಆಡ್ಲಿಲ್ಲ, ಮೊಮ್ಮಗೂನ ತೂಗೋವಾಗ್ಲೂ ಆಡ್ಲಿಲ್ಲ. ಆ ರಾಜನ ಪದ ನಿಮ್ಗೆ ಬರ್ತದಲ್ವಾ ಮೇಷ್ಟ್ರೇ, ನೀವಾದ್ರೂ ಅದ್ನ ಏಳಿ” ಎಂದಳು.

ಕರಿ ಒಂದಕ್ಕೆ ಬೆರಳಿಟ್ಟೆ. ಮೊದಲ ಚರಣ ಬಂತು. ಎರಡನೆಯ ಚರಣಕ್ಕೆ ಬೆರಳು ನಡೆಯಿತು, ಬಾಯಿ ನಿಂತಿತು. ಅಷ್ಟು ಸಂಜೆ ಪಕ್ಕದಲ್ಲೇ ಕೂತು ನಾನು ಕೇಳಿಸಿಕೊಂಡಿದ್ದು ಬರೀ ಸ್ವರ. “ಪರವಾಗಿಲ್ಲ ಬಿಡಿ, ಅದೂ ಅಪ್ಪನ ಜೊತೆ ಓಯ್ತು” ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಆಗಲೂ ಹೇಳಲಿಲ್ಲ. ಈ ಭಾನುವಾರ ಹೋಗಿ, ಇದನ್ನು ಅವಳೆದುರು ಓದುತ್ತೇನೆ. ಅವಳು ಏನೆಂದರೂ ಕೇಳಿಸಿಕೊಂಡು ಬರುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಪೀಣ್ಯದಲ್ಲೇ ಒಂದು ಬಾಡಿಗೆ ವರ್ಕ್‌ಶಾಪು, ಅದರಲ್ಲಿ ಎರಡು ಲೇತು. ಒಂದು ಹಾರ್ಮೋನಿಯಂ. ಆ ಪದದ ಮೂರು ಚರಣದ ಸ್ವರ. ಒಂದು ಚರಣದ ಮಾತು.