ಕಮರದ ದೊಣ್ಣೆಯ ಹಿಡಿ

ಪವಾಡ, ಪುನರ್ಜನ್ಮ ಎಂದರೆ ನಗುತ್ತಿದ್ದವನು ನಾನು. ಕಟ್ಟಿಗೆ ಕೆಲಸದವನಿಗೆ ಕಣ್ಣಿಗೆ ಕಂಡದ್ದು, ಕೈಗೆ ಹತ್ತಿದ್ದು ಅಷ್ಟೇ ನಿಜ. ಹಾಗೆಂದುಕೊಂಡೇ ಕಲಬುರಗಿಯ ಶಹಾಬಜಾರದ ಅಂಗಡಿಯಲ್ಲಿ ಅರ್ಧ ಆಯುಷ್ಯ ಕಳೆದಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ಪೊಲೀಸ್ ಕಾರ್ಯಾಚರಣೆ ಮುಗಿದು ನಿಜಾಮನ ಆಳ್ವಿಕೆ ಹೋದ ಹೊಸತು. ಮನೆಯಲ್ಲಿರುವ ಆಯುಧಗಳನ್ನು ಒಪ್ಪಿಸಬೇಕೆಂದು ಡಂಗುರ ಸಾರಿದ್ದರು. ಕಮಲಾಪುರದ ಶರಣಪ್ಪ ಎಂಬ ಮುದುಕ ಒಂದು ದೊಣ್ಣೆಯನ್ನು ಒಪ್ಪಿಸಿರಲಿಲ್ಲ. ಹಿರಿಯರು ಕಾಳಗಕ್ಕೆ ಒಯ್ದದ್ದು, ದಸರೆಗೆ ಬನ್ನಿ ಏರಿಸಿ ಪೂಜಿಸುವಂಥದ್ದು, ಅದು ಆಯುಧ ಹೇಗಾದೀತು ಎಂದು ಅವನ ತಿಳಿವಳಿಕೆ. ಗಲಭೆಗೆಂದೇ ಮಾಡಿಸಿದ್ದು ಎಂದು ಅಧಿಕಾರಿಗಳು ಅವನನ್ನು ಹಿಡಿದು ಕಲಬುರಗಿಗೆ ತಂದರು. ದೊಣ್ಣೆ ಹಳೆಯದೋ ಹೊಸದೋ ಹೇಳಲು ನನ್ನನ್ನು ಕಚೇರಿಗೆ ಕರೆಸಿದರು. ಹಳೆಯದಾದರೆ ಬಿಡುಗಡೆ, ಹೊಸದಾದರೆ ಜೇಲು.

ಮೂಸಿದೆ, ಉಗುರಿನಿಂದ ಕೆರೆದೆ, ಕೈಯಲ್ಲಿ ತೂಗಿ ನೋಡಿದೆ. ಕಮರದ ಕಟ್ಟಿಗೆ, ಅದರಲ್ಲಿ ಅನುಮಾನವಿರಲಿಲ್ಲ. ಉಳಿಯ ಬಾಯಿ ಮುರಿಯುವಷ್ಟು ಗಟ್ಟಿ, ನೀರಿಗೆ ಹಾಕಿದರೆ ಮುಳುಗುವ ಮರ. ಆದರೆ ವಯಸ್ಸು? ಎಣ್ಣೆ ಕುಡಿಸಿ ಕುಡಿಸಿ ಮೈಯೆಲ್ಲ ಕರ್ರಗಾಗಿತ್ತು. ಹತ್ತು ವರ್ಷದ್ದೋ ಇನ್ನೂರು ವರ್ಷದ್ದೋ ನನಗೆ ತಿಳಿಯಲಿಲ್ಲ. ಮೂಲೆಯಲ್ಲಿ ಕೂತಿದ್ದ ಮುದುಕ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಅದು ನಮ್ಮ ಮುತ್ಯಾನ ಮುತ್ಯಾಂದು ರೀ ಬಡಿಗ್ಯಾರ. ಮನ್ಯಾಗ ಸೊಸಿಗಿ ದಿನ ತುಂಬ್ಯಾವ," ಎಂದ.

ತಿಳಿಯದು ಎನ್ನಲು ನಾಲಗೆ ಏಳಲಿಲ್ಲ. ಹಿಡಿಯ ಮೇಲೆ ಸಣ್ಣದೊಂದು ಗಂಟು ಉಬ್ಬಿತ್ತು. ಮರದ ಗಂಟು, ಬೇರೇನಲ್ಲ. ನಾನು ಅದನ್ನೇ ಹಿಡಿದು ಪುರಾಣ ಕಟ್ಟಿದೆ.

"ಸಾಹೇಬ್ರ, ಇದನ್ನ ಹಿಡದಾಂವಗ ಎಡಗೈಯಾಗ ಉಂಗುರದ ಬೆರಳು ಇದ್ದಿದ್ದಿಲ್ಲ. ಉಳದ ಬೆರಳು ಕುಂತಲ್ಲೆಲ್ಲ ಸವದದ, ಇಲ್ಲಿ ಅಷ್ಟ ಉಳದದ. ಕಮರ ಇಷ್ಟು ಸವೀಬೇಕಂದ್ರ ಒಂದು ಜನ್ಮ ಬೇಕ್ರೀ."

ಸಾಹೇಬರು ಮುದುಕನ ಕೈ ಬಿಡಿಸಿ ನೋಡಿದರು. ಹತ್ತೂ ಬೆರಳಿದ್ದವು. ಹಿಡಿ ಸವೆಸಿದವನು ಇವನಲ್ಲ, ಹಿಂದಿನವರು ಯಾರೋ ಎಂದು ಒಪ್ಪಿದರು. ಸಂಜೆಯೊಳಗೆ ಅವನನ್ನೂ ಬಿಟ್ಟರು, ದೊಣ್ಣೆಯನ್ನೂ ಕೊಟ್ಟರು.

ಸುಳ್ಳು ಹೇಳಿ ಪುಣ್ಯ ಕಟ್ಟಿಕೊಂಡೆನೆಂದು ನಾನು ಹಿಗ್ಗಿದ್ದೆ. ಕೆಲವು ದಿನಗಳಾದ ಮೇಲೆ ಶರಣಪ್ಪ ಗಾಡಿ ಕಟ್ಟಿಕೊಂಡು ಬಂದ. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವುದಿದೆ, ಬರಲೇಬೇಕು ಎಂದು ಕಮಲಾಪುರಕ್ಕೆ ಕರೆದೊಯ್ದ. ಮಟಮಟ ಮಧ್ಯಾಹ್ನ, ಹೋಳಿಗೆ ಊಟವಾಗಿತ್ತು. ಅವನ ಹೆಂಡತಿ ಕೂಸನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ನಾನು ಕಚೇರಿಯಲ್ಲಿ ಮಾತಾಡುತ್ತಿದ್ದ ಹೊತ್ತಿಗೇ ಹುಟ್ಟಿತ್ತಂತೆ.

ಬಟ್ಟೆಯಿಂದ ಎಡಗೈ ಹೊರಗೆ ಬಂತು. ಉಂಗುರದ ಬೆರಳಿರಲಿಲ್ಲ. ಗಾಯವಲ್ಲ, ಮುರಿದದ್ದೂ ಅಲ್ಲ, ಅಲ್ಲಿ ಬೆರಳೇ ಮೂಡಿರಲಿಲ್ಲ. ಕೂಸನ್ನು ಎಲ್ಲಿ ಬೀಳಿಸಿಬಿಡುತ್ತೇನೋ ಎಂದು ಹೆದರಿದೆ.

"ನೀವು ಹೇಳಿದ್ದು ಖರೇ ಆತ್ರೀ," ಎಂದು ಶರಣಪ್ಪ ಅಳುತ್ತಲೇ ನಕ್ಕ. "ನಮ್ಮ ಮುತ್ಯಾ ತನ್ನ ದೊಣ್ಣಿ ಹುಡುಕ್ಕೋತ ಬಂದಾನ."

ಅಂಥ ಮುತ್ಯಾ ಇದ್ದನೆಂದು ಯಾರಿಗೆ ಗೊತ್ತು? ಅವನನ್ನು ಕಟ್ಟಿದವನು ನಾನು. ಗೊತ್ತಿಲ್ಲದೆ ನಿಜವನ್ನೇ ನುಡಿದೆನೋ, ಆ ಕೂಸಿನ ಬೆರಳನ್ನು ನನ್ನ ನಾಲಗೆಯೇ ತಿಂದಿತೋ, ಇಂದಿಗೂ ತಿಳಿದಿಲ್ಲ.

ಹುಡುಗ ಈಗ ದೊಡ್ಡವನಾಗಿದ್ದಾನೆ. ಪ್ರತಿ ದಸರೆಗೂ ಬನ್ನಿ ಕೊಡಲು ಅಂಗಡಿಗೆ ಬರುತ್ತಾನೆ. ಹೋದ ವರ್ಷ ದೊಣ್ಣೆಯನ್ನೂ ತಂದು ಎಡಗೈಯಲ್ಲಿ ಹಿಡಿದು ತೋರಿಸಿದ. ಬೆರಳಿಲ್ಲದ ಜಾಗದಲ್ಲಿ ಗಂಟು ಸರಿಯಾಗಿ ಕೂತಿತ್ತು.

"ಕಾಕಾ, ನಿಮಗ ಹ್ಯಾಂಗ ತಿಳೀತು?" ಎಂದು ಕೇಳಿದ.

ನಾನು ಬನ್ನಿಯನ್ನು ಕಣ್ಣಿಗೊತ್ತಿಕೊಂಡೆ. ತೆಗೆದು ಅವನನ್ನು ನೋಡಲು ಬಹಳ ಹೊತ್ತು ಧೈರ್ಯ ಬರಲಿಲ್ಲ.