ಓನರು ಪಾಠಕ್ಕೆ ಬಂದ ದಿನ

ಕಳೆದ ವಾರ ಮೆಟ್ರೊದಲ್ಲಿ ನನ್ನ ಪಕ್ಕ ಒಬ್ಬರು ಹೆಂಗಸು ಬಂದು ಕುಳಿತರು. ಮಡಿಲಲ್ಲಿ ಬಟ್ಟೆಯ ಚೀಲ, ಅದರ ಬಾಯಿ ಸರಿಯಾಗಿ ಕಟ್ಟಿರಲಿಲ್ಲ. ರೈಲು ದಾಸರಹಳ್ಳಿ ದಾಟುವಷ್ಟರಲ್ಲಿ ಏಸಿಯ ತಣ್ಣನೆಯ ಗಾಳಿಯಲ್ಲೆಲ್ಲ ಅವರೆಕಾಯಿಯ ಸೊಗಡು ಹರಡಿಕೊಂಡಿತು. ಸ್ವಲ್ಪ ಒಗರು, ಸ್ವಲ್ಪ ಎಣ್ಣೆ, ಕೈಗೆ ಹತ್ತಿದರೆ ಸೋಪಿಗೂ ಜಗ್ಗದ ವಾಸನೆ. ಎದುರಿಗಿದ್ದ ಹುಡುಗ ಮೂಗು ಸಿಂಡರಿಸಿ ಮತ್ತೆ ಫೋನಿಗೆ ಬಗ್ಗಿದ. ನಾನು ಕಣ್ಣು ಮುಚ್ಚಿದೆ. ಒಳಗೆ ಒಂದು ತರಗತಿ ಕೋಣೆ ಕಾಣಿಸಿತು. ಕಿಟಕಿಯಾಚೆ ಬಿಸಿಲಿಗೆ ಹೊಳೆಯುವ ಶೀಟಿನ ಸೂರುಗಳು, ಬೆಂಚಿನ ಮೇಲೆ ಹರಡಿದ ಹಳೇ ಪೇಪರು, ಪೇಪರಿನ ಮೇಲೆ ಹಸಿರು ಸಿಪ್ಪೆಯ ರಾಶಿ... ಅದರ ಹಿಂದೆ ನಮ್ಮ ರಾಜ್ಯಶಾಸ್ತ್ರದ ಮೇಡಂ.

ನಮ್ಮದು ತುಮಕೂರು ರಸ್ತೆಯ ಪಕ್ಕದ ಸರ್ಕಾರಿ ಕಾಲೇಜು. ಕಾಂಪೌಂಡಿನ ಹಿಂದೆ ಯಾವುದೋ ಫ್ಯಾಕ್ಟರಿಯ ಪ್ರೆಸ್ ಮೆಷಿನ್ನು ದಿನವಿಡೀ ಧಬ್... ಧಬ್... ಎನ್ನುತ್ತಿತ್ತು. ಮೊದಮೊದಲು ತಲೆ ಸಿಡಿಯುತ್ತಿತ್ತು. ಆಮೇಲಾಮೇಲೆ ಅದು ನಿಂತರೆ ಏನೋ ಕಳೆದುಹೋದಂತೆ ಎಲ್ಲರೂ ಕಿಟಕಿಯತ್ತ ನೋಡುವಂತಾಯಿತು. ನಾನು ಬಿ.ಎ. ಸೇರಿದ್ದು ಆಸೆಪಟ್ಟಲ್ಲ. ಬಿ.ಕಾಂ. ಸೀಟು ತುಂಬಿಹೋಗಿತ್ತು, ಅಷ್ಟೇ. ಅಪ್ಪ ಅವ್ವ ಯಾದಗಿರಿ ಕಡೆಯಿಂದ ಬಂದವರು. ಅಪ್ಪ ಫ್ಯಾಕ್ಟರಿಯೊಂದರಲ್ಲಿ ಹೆಲ್ಪರ್, ಅವ್ವ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಪುಸ್ತಕದ ರಟ್ಟಿನ ಮೇಲೆ ಕೈಯಾಡಿಸಿ ಅವ್ವ ಕೇಳಿದ್ದಳು: "ರಾಜ್ಯಶಾಸ್ತ್ರ ಅಂದ್ರ ಏನವ್ವಾ? ಇದನ್ನ ಓದಿದ್ರ ನೌಕರಿ ಸಿಗ್ತದೇನು?" ನಾನು ಪುಸ್ತಕ ಇಸಿದುಕೊಂಡು ಚೀಲಕ್ಕೆ ಹಾಕಿಕೊಂಡೆ.

ಮೊದಲ ದಿನ ಮೇಡಂ ಪುಸ್ತಕ ತರಲಿಲ್ಲ. ನೀಲಿಯೋ ಬೂದಿಯೋ, ಈಗ ಬಣ್ಣ ನೆನಪಾಗುತ್ತಿಲ್ಲ, ಒಂದು ಕಾಟನ್ ಸೀರೆ ಉಟ್ಟಿದ್ದರು. ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸಿ, ಹಾಜರಿ ಕೂಗುವ ಮೊದಲೇ ಕೇಳಿದರು.

"ಸರ್ಕಾರಾನ ಯಾರಾದ್ರೂ ನೋಡಿದ್ದೀರಾ?"

ಒಬ್ಬ ವಿಧಾನಸೌಧ ಎಂದ. ಬಸ್ಸಿನ ಕಿಟಕಿಯಿಂದ ನೋಡಿದ್ದನಂತೆ. ಇನ್ನೊಬ್ಬ ಟ್ರಾಫಿಕ್ ಪೊಲೀಸ್ ಎಂದ. ಮುಂದಿನ ಬೆಂಚಿನ ಹುಡುಗಿ ರೇಷನ್ ಅಂಗಡಿ ಎಂದಳು. ಮೇಡಂ ಯಾವುದನ್ನೂ ತಪ್ಪೆನ್ನಲಿಲ್ಲ. ತಾವು ಬೆಳೆದದ್ದು ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಎಂದು ಹೇಳಿದರು. ಚಿಕ್ಕವರಿದ್ದಾಗ ಬೆಳಿಗ್ಗೆ ಕೂಗುತ್ತಿದ್ದ ಸೈರನ್ನನ್ನೇ ಸರ್ಕಾರ ಎಂದುಕೊಂಡಿದ್ದರಂತೆ. "ಅದು ಕೂಗಿದ್ರೆ ಅಪ್ಪ ಎದ್ದೇಳೋರು, ಬೀದಿಗೆ ಬೀದಿನೇ ಎದ್ದೇಳೋದು. ಇನ್ನೇನ್ ಬೇಕು ಹೇಳಿ?" ಎಂದು ನಕ್ಕರು. ಅವರ ದನಿ ತುಂಬ ಮೆಲ್ಲಗೆ. ಪ್ರೆಸ್ ಮೆಷಿನ್ನಿನ ಎರಡು ಏಟುಗಳ ನಡುವಿನ ಸಂದಿಯಲ್ಲಿ ಅದನ್ನು ಹಿಡಿದುಕೊಳ್ಳಬೇಕಿತ್ತು.

ನನ್ನ ಸರದಿ ಬಂದಾಗ ಬಾಯಿಂದ ಹೊರಟೇಹೋಯಿತು. "ನಮ್ಮ ಓನರು ಮೇಡಂ."

ತರಗತಿ ಗೊಳ್ಳೆಂದಿತು. ಮೇಡಂ ನಗಲಿಲ್ಲ. "ಯಾಕೆ?" ಎಂದರು.

"ಬೋರ್ ಆನ್ ಮಾಡೋರೂ ಅವ್ರೇ, ಆಫ್ ಮಾಡೋರೂ ಅವ್ರೇ. ನೆಂಟ್ರು ಬಂದ್ರೆ ಎಷ್ಟ್ ದಿನ ಇರ್ತಾರೆ ಅಂತ ಕೇಳ್ತಾರೆ. ಎದುರು ಮಾತಾಡಿದ್ರೆ ರೂಮ್ ಖಾಲಿ ಮಾಡಿ ಅಂತಾರೆ."

ಅವರು ತಿರುಗಿ ಬೋರ್ಡಿನ ಮೇಲೆ ದೊಡ್ಡದಾಗಿ 'ಓನರು' ಎಂದು ಬರೆದರು. ನಮ್ಮ ರಾಜ್ಯಶಾಸ್ತ್ರದ ಮೊದಲ ಪದ ಅದು. "ಸರಿ, ಇಲ್ಲಿಂದಾನೇ ಶುರು ಮಾಡೋಣ. ಓನರಿಗೂ ಸರ್ಕಾರಕ್ಕೂ ಏನ್ ವ್ಯತ್ಯಾಸ?" ನಾವು ಏನೇನೋ ಹೇಳಿದೆವು. ಯಾವುದೂ ನಿಲ್ಲಲಿಲ್ಲ. "ಅವಸರ ಏನಿಲ್ಲ. ಗೊತ್ತಾದಾಗ ಹೇಳಿ" ಎಂದು ಹಾಜರಿ ಕೂಗತೊಡಗಿದರು.

ಆ ವರ್ಷ ಹೇಗೆ ಕಳೆಯಿತೋ... ಮೇಡಂ ಅತಿಥಿ ಉಪನ್ಯಾಸಕಿ ಎಂಬುದು, ಎಂದರೆ ಆ ವರ್ಷದ ಮಟ್ಟಿಗೆ ಮಾತ್ರ ನಮ್ಮವರು ಎಂಬುದು, ನಮಗೆ ಆಗ ಅರ್ಥವಾಗಿರಲಿಲ್ಲ. ಅವರೆಕಾಯಿ ಕಾಲ ಬಂದಾಗ ಶನಿವಾರದ ಕೊನೆಯ ಪೀರಿಯಡ್ಡಿಗೆ ಒಂದು ಚೀಲ ಹಿಡಿದು ಬರುತ್ತಿದ್ದರು. ಮನೆಯಲ್ಲಿ ಅಮ್ಮನಿಗೆ ಕಾಳಿನ ಸಾರು ಬೇಕು, ಸುಲಿಯಲು ತಮಗೆ ಪುರುಸೊತ್ತಿಲ್ಲ ಎನ್ನುತ್ತಿದ್ದರು. "ಕೈ ಸುಮ್ನಿದ್ರೆ ನೀವೆಲ್ಲ ಗಡಿಯಾರ ನೋಡ್ತೀರಾ, ಬನ್ನಿ." ನಾವು ಸುಲಿಯುತ್ತಿದ್ದೆವು, ಅವರು ಮಾತಾಡುತ್ತಿದ್ದರು. ಒಂದು ಕಾನೂನು ಎಲ್ಲಿ ಹುಟ್ಟುತ್ತದೆ, ಯಾರ ಯಾರ ಕೈ ದಾಟಿ ಬರುತ್ತದೆ, ನಮ್ಮ ಬೀದಿಗೆ ತಲುಪುವಷ್ಟರಲ್ಲಿ ಅದರ ಗತಿ ಏನಾಗಿರುತ್ತದೆ... ಮಧ್ಯಾಹ್ನದ ಬಿಸಿಲು ಬೋರ್ಡಿನ ಮೇಲಿಂದ ಜಾರಿ ಗೋಡೆಗೆ, ಗೋಡೆಯಿಂದ ನೆಲಕ್ಕೆ ಇಳಿಯುತ್ತಿತ್ತು. ಪರೀಕ್ಷೆಯಲ್ಲಿ ಆ ಪಾಠ ಬರೆಯುವಾಗ ನನ್ನ ಬೆರಳು ಮೂಸಿ ನೋಡಿಕೊಂಡದ್ದುಂಟು.

ಆ ಕಾಲದ ಕೊನೆಯಲ್ಲೇ ನಮ್ಮ ಸಾಲಿನಲ್ಲಿ ನೀರಿನ ಜಗಳ ಎದ್ದದ್ದು. ನಾವಿದ್ದದ್ದು ಮಾಕಳಿಯ ಹತ್ತಿರ, ಎದುರುಬದುರಾಗಿ ಕಟ್ಟಿದ್ದ ಶೀಟ್ ಮನೆಗಳಲ್ಲಿ. ನಡುವೆ ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು. ಓನರು ಆ ಊರಿನ ಮೂಲದವರು. ನಮ್ಮ ರೂಮುಗಳಿದ್ದ ಜಾಗದಲ್ಲಿ ಹಿಂದೆ ಅವರ ರಾಗಿ ಹೊಲ ಇತ್ತಂತೆ. ಬೋರಿನಲ್ಲಿ ನೀರು ಇಳಿಯುತ್ತಿದ್ದಂತೆ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಬಿಡತೊಡಗಿದರು. ಅವ್ವನನ್ನು ಕರೆದೊಯ್ಯುವ ಮೇಸ್ತ್ರಿಯ ಗಾಡಿ ಬರುವುದೂ, ಪಕ್ಕದ ರೂಮಿನ ಅಕ್ಕನ ಗಾರ್ಮೆಂಟ್ಸ್ ವ್ಯಾನು ಬರುವುದೂ ಅದೇ ಹೊತ್ತಿಗೆ. ಒಂದು ದಿನ ಅವ್ವನ ಕೊಡ ಅಕ್ಕನ ಬಿಂದಿಗೆಗೆ ತಗುಲಿತು. ಮಾತು ಬೆಳೆಯಿತು. ನಾನು ಓಡಿ ಬರುವಷ್ಟರಲ್ಲಿ ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿತ್ತು.

ಓನರು ಬಂದು ನಿಂತರು. "ಎರಡೂ ಮನೆಯೋರು ತಿಂಗ್ಳು ಮುಗೀತಿದ್ದಂಗೆ ಖಾಲಿ ಮಾಡ್ಬುಡಿ. ನಂಗೆ ಈ ರಂಪ ಬ್ಯಾಡ" ಎಂದು ಹೋದರು.

ಅಪ್ಪ ಸಂಜೆ ಸಂಜೆ ರೂಮು ಹುಡುಕಿಕೊಂಡು ಅಲೆದ. ಸಿಗದಿದ್ದರೆ ನನ್ನನ್ನು ಊರಿಗೆ, ಅಜ್ಜಿಯ ಹತ್ತಿರ ಬಿಡುವುದೆಂದು ಅವ್ವ ಅಪ್ಪ ಮಾತಾಡಿಕೊಳ್ಳುವುದು ಕೇಳಿಸಿತು. ಊರಿಗೆ ಹೋದರೆ ಕಾಲೇಜಿಲ್ಲ. ಮದುವೆ ಮಾಡಿ ಕಳಿಸುತ್ತಾರೆ. ಶನಿವಾರ ಸುಲಿಯುತ್ತಾ ಕುಳಿತಿದ್ದಾಗ ನನ್ನ ಕೈ ನಿಂತುಹೋಯಿತು. ಮೇಡಂ ಕೇಳಿದರು, ನಾನು ಹೇಳಿದೆ. ಅವರು ಉಳಿದ ಕಾಯನ್ನು ಚೀಲಕ್ಕೆ ತುಂಬಿಕೊಂಡು, "ನಡಿ, ಮಿಕ್ಕಿದ್ದು ನಿಮ್ಮನೇಲಿ ಸುಲಿಯೋಣ" ಎಂದರು.

ಒಗೆಯುವ ಕಲ್ಲಿನ ಮೇಲೆ ಅವರು ಕುಳಿತ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ತುಂಬ ದಿನದಿಂದ ಅಲ್ಲೇ ಇದ್ದವರ ಹಾಗೆ. "ಅಯ್ಯ, ಒಳಗ ಬರ್ರಿ ಮೇಡಂ, ಇಲ್ಲ್ಯಾಕ ಕುಂತ್ರಿ" ಎಂದು ಅವ್ವ ತಡಬಡಾಯಿಸಿದಳು. ಮೇಡಂ ಮೊರ ಕೇಳಿದರು. ಅವ್ವ ಮೊರ ತಂದು ತಾನೂ ಕುಳಿತಳು. ಒಂದೊಂದೇ ಬಾಗಿಲಿನಿಂದ ಹೆಂಗಸರು ಬಂದರು. ಕೊನೆಗೆ ಪಕ್ಕದ ರೂಮಿನ ಅಕ್ಕನೂ ಬಂದು, ಅವ್ವನಿಂದ ದೂರದ ಮೂಲೆಯಲ್ಲಿ ಕುಳಿತು, ಮೊರಕ್ಕೆ ಕೈ ಹಾಕಿದಳು. ಯಾರು ಎಷ್ಟು ಹೊತ್ತಿಗೆ ಕೆಲಸಕ್ಕೆ ಹೊರಡುತ್ತೀರಿ ಎಂದು ಮೇಡಂ ಕೇಳಿದ್ದು ಬಿಟ್ಟರೆ ಹೆಚ್ಚೇನೂ ಮಾತಾಡಲಿಲ್ಲ. ಅಷ್ಟಕ್ಕೇ ಹೆಂಗಸರು ತಮ್ಮತಮ್ಮಲ್ಲೇ ಶುರುಮಾಡಿದರು. ಮೊದಲು ಹೊರಡುವವರು ಮೊದಲು ಹಿಡಿಯಲಿ, ಮಗು ಇರುವ ಮನೆಗೆ ಒಂದು ಬಿಂದಿಗೆ ಜಾಸ್ತಿ... ಅವ್ವ ಮತ್ತು ಆ ಅಕ್ಕ ಒಬ್ಬರ ಮುಖ ಒಬ್ಬರು ನೋಡದೆಯೇ ಒಪ್ಪಿಕೊಂಡರು.

ಆಗ ಓನರು ಬಂದರು. "ಯಾರಮ್ಮಾ ನೀವು?"

"ಇವಳ ಕಾಲೇಜಿನ ಟೀಚರು ಸಾರ್. ರಾಜ್ಯಶಾಸ್ತ್ರ ಹೇಳ್ಕೊಡ್ತೀನಿ."

"ರಾಜಕೀಯನಾ?" ಓನರು ನಕ್ಕರು. "ಅದ್ನ ಏಳ್ಕೊಡಾಕೆ ಕಾಲೇಜ್ ಬೇಕಾ? ನಾನು ಪಂಚಾಯ್ತಿ ಮೆಂಬರ್ ಆಗಿದ್ದೋನು ಕಣಮ್ಮಾ."

ಮೇಡಂ ಮುಖ ಅರಳಿತು. ರೂಮಿನ ವಿಷಯ ಎತ್ತುತ್ತಾರೆ ಎಂದು ನಾನು ಕಾದೆ. ಅವರು ಎತ್ತಿದ್ದೇ ಬೇರೆ. "ಹೌದಾ ಸಾರ್! ಹಾಗಾದ್ರೆ ನಮ್ಮ ಮಕ್ಕಳಿಗೆ ಒಂದ್ ದಿನ ಬಂದು ಹೇಳ್ಬೇಕು. ಇವ್ರಿಗೆ ಪುಸ್ತಕದ ಪಂಚಾಯ್ತಿ ಮಾತ್ರ ಗೊತ್ತು."

ಮುಂದಿನ ವಾರ ಓನರು ಕಾಲೇಜಿಗೆ ಬಂದೇಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಿಳಿ ಪಂಚೆ, ಹಣೆಗೆ ಕುಂಕುಮ. ಕುರ್ಚಿ ಕೊಟ್ಟರೂ ಕೂರಲಿಲ್ಲ, ಮೇಜು ಹಿಡಿದು ನಿಂತೇ ಮಾತಾಡಿದರು. ಮೊದಲು ಮಾತು ತಡವರಿಸಿತು. ಆಮೇಲೆ ದನಿ ಬಿಟ್ಟುಕೊಂಡಿತು. "ಗ್ರಾಮಸಭೆ ಅಂದ್ರೆ ಏನಂತ ತಿಳ್ಕಂಡಿದ್ದೀರಾ? ಎಂಗಸ್ರು ಖಾಲಿ ಬಿಂದಿಗೆ ತಂದು ನಮ್ ಮುಂದೆ ಸಾಲಾಗಿ ಮಡಗೋರು. ಎಲ್ಲಪ್ಪಾ ನೀರು ಅನ್ನೋರು. ಮೈಯೆಲ್ಲ ಬೆವ್ರು! ಮನೇಗ್ ಓದ್ರೆ ನನ್ ಎಂಡ್ರೂ ಅದೇ ಕೇಳೋಳು." ಹುಡುಗರು ನಕ್ಕರು. ಅವರಿಗೂ ಖುಷಿಯಾಯಿತು. ಪೈಪು ಎಳೆಸಿದ್ದು, ಬೀದಿ ದೀಪ ಹಾಕಿಸಿದ್ದು, ಮುಂದಿನ ಸಲ ಸೋತದ್ದು ಎಲ್ಲ ಹೇಳಿದರು. ಕಾಲೇಜಿನ ಆ ಕೋಣೆಯಲ್ಲಿ ಅವರು ನಮ್ಮ ಓನರಾಗಿ ಕಾಣಲಿಲ್ಲ. ಹಳೆಯ ಯಾವುದೋ ಬಿಸಿಲಲ್ಲಿ, ಜನರ ನಡುವೆ ನಿಂತವರಂತೆ ಕಂಡರು...

ಪ್ರಶ್ನೆ ಕೇಳಿ ಎಂದರು ಮೇಡಂ. ನಾನು ಎದ್ದು ನಿಂತೆ. ತಿಂಗಳು ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಈ ಮಾತಿಗೆ ಮನೆಯೇ ಹೋಗಬಹುದು ಎಂಬುದು ಗೊತ್ತಿತ್ತು.

"ಸಾರ್, ಆಗ ನೀರು ಬರ್ಲಿಲ್ಲ ಅಂದ್ರೆ ನಿಮ್ಮನ್ನ ಕೇಳೋರು. ಈಗ ಬರ್ಲಿಲ್ಲ ಅಂದ್ರೆ ಯಾರನ್ನ ಕೇಳ್ಬೇಕು?"

ಓನರು ನನ್ನನ್ನು ನೋಡಿದರು. ಗುರುತು ಹಿಡಿದರು. ಮೇಜಿನ ಮೇಲಿದ್ದ ನೀರು ಕುಡಿದು, ಟವೆಲಿನಿಂದ ಮುಖ ಒರೆಸಿಕೊಂಡರು.

"ಆಗ ಜವಾಬು ಏಳ್ಬೇಕಿತ್ತು ಕಣವ್ವಾ. ಓಟಾಕಿದ್ದೋರಿಗೆ. ಈಗ... ಈಗ ನಾನು ಓನರು. ಏಳ್ಬೇಕಾಗಿಲ್ಲ." ಟವೆಲನ್ನು ಹೆಗಲಿಗೆ ಹಾಕಿಕೊಂಡು, ನಮಗಲ್ಲ, ಮೇಜಿಗೆ ಹೇಳಿದಂತೆ ಹೇಳಿದರು: "ಏಳ್ಬೇಕಾಗಿಲ್ಲ ಅಂತ ಸುಖವಾಗೇನೂ ಇಲ್ಲ ಬುಡಿ."

ಮೇಡಂ ಅದನ್ನು ಬೋರ್ಡಿನ ಮೇಲೆ ಬರೆಯಲಿಲ್ಲ. ನೋಡಿದಿರಾ, ಇದೇ ಉತ್ತರ ಎನ್ನಲಿಲ್ಲ. ಎದ್ದು ಕೈ ಮುಗಿದು, ಅವರನ್ನು ಗೇಟಿನವರೆಗೂ ಬಿಟ್ಟು ಬಂದರು. ಕಿಟಕಿಯಿಂದ ನೋಡುತ್ತಿದ್ದ ನನಗೆ ಇಬ್ಬರೂ ಏನೋ ಮಾತಾಡುತ್ತ ನಿಧಾನವಾಗಿ ನಡೆಯುವುದು ಕಂಡಿತು.

ಭಾನುವಾರ ಬೆಳಿಗ್ಗೆ ಓನರು ನಲ್ಲಿಯ ಹತ್ತಿರ ಬಂದು ನಿಂತು ಹೆಂಗಸರನ್ನು ಕೂಗಿದರು. ಅಪ್ಪ ಬಟ್ಟೆಬರೆ ಗಂಟು ಕಟ್ಟುತ್ತಿದ್ದವನು ಹಾಗೇ ಕೂತುಬಿಟ್ಟ. "ಬೋರು ನೋಡ್ಬನ್ನಿ ನೀವೇ. ಎಷ್ಟ್ ನೀರೈತೆ ಅಂತ ನೋಡಿ, ಆಮೇಲೆ ಬಯ್ರಿ" ಎಂದು ಎಲ್ಲರನ್ನೂ ಹಿತ್ತಲಿಗೆ ಕರೆದುಕೊಂಡು ಹೋದರು. ನಾಳೆಯಿಂದ ಮೇಸ್ತ್ರಿ ಗಾಡಿ, ಗಾರ್ಮೆಂಟ್ಸ್ ವ್ಯಾನು ಬರುವುದಕ್ಕೆ ಮೊದಲೇ ನೀರು ಬಿಡುವುದಾಗಿ ಹೇಳಿದರು. ಖಾಲಿ ಮಾಡುವ ಮಾತನ್ನು ಅವರು ಆಡಲಿಲ್ಲ, ನಾವೂ ನೆನಪಿಸಲಿಲ್ಲ. ಅಲ್ಲಿಂದ ಮುಂದೆ ಭಾನುವಾರ ಭಾನುವಾರ ಬಂದು ನಿಲ್ಲುತ್ತಿದ್ದರು. ಹೆಂಗಸರು ಕೇಳುತ್ತಿದ್ದರು, ಅವರು ಗೊಣಗುತ್ತಲೇ ಉತ್ತರ ಹೇಳುತ್ತಿದ್ದರು. ಬಾಡಿಗೆ ಮಾತ್ರ ಯುಗಾದಿಗೆ ಏರಿಸಿದರು. "ಅದನ್ನ ಬಿಡಂಗಿಲ್ಲ ನೋಡು" ಎಂದು ಅವ್ವ ಪಕ್ಕದ ಅಕ್ಕನಿಗೆ ಹೇಳಿ ನಕ್ಕಳು. ಅಷ್ಟು ಹೊತ್ತಿಗೆ ಇಬ್ಬರೂ ಮಾತಾಡುವಂತಾಗಿದ್ದರು.

ರಜೆ ಮುಗಿಸಿ ಎರಡನೇ ವರ್ಷಕ್ಕೆ ಹೋದಾಗ ಮೇಡಂ ಇರಲಿಲ್ಲ. ಎಲ್ಲಿಂದಲೋ ವರ್ಗವಾಗಿ ಕಾಯಂ ಉಪನ್ಯಾಸಕರೊಬ್ಬರು ಬಂದಿದ್ದರು. ಒಳ್ಳೆಯ ನೋಟ್ಸ್ ಕೊಡುತ್ತಿದ್ದರು. ಮೇಡಂಗೆ ದೂರದ ಯಾವುದೋ ಕಾಲೇಜು ಸಿಕ್ಕಿತು. ಹಬ್ಬಕ್ಕೆ ಫೋನ್ ಮಾಡುತ್ತಿದ್ದೆ. ನನಗೆ ಪೀಣ್ಯದ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸ ಸಿಕ್ಕಿತೆಂದಾಗ, "ಅಲ್ಲಿ ನೀರು ಯಾರು ಬಿಡ್ತಾರೆ?" ಎಂದು ಕೇಳಿ ತಾವೇ ಜೋರಾಗಿ ನಕ್ಕಿದ್ದರು. ಆಮೇಲೆ ಫೋನುಗಳೂ ಅಪರೂಪವಾದವು... ಹೋದ ವರ್ಷ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಹಾರ ಹಾಕಿದ ಅವರ ಫೋಟೊ ಬಂತು. ಕೆಳಗೆ ಎಲ್ಲರೂ ಕೈ ಮುಗಿದಿದ್ದರು. ನಾನೂ ಮುಗಿದೆ. ಕಾಯಿಲೆ ಬಹಳ ದಿನದಿಂದ ಇತ್ತು ಎಂದು ಯಾರೋ ಬರೆದಿದ್ದರು. ಆ ದಿನ ನನಗೆ ಅಳು ಬರಲಿಲ್ಲ. ಮಧ್ಯಾಹ್ನದವರೆಗಿನ ಕೆಲಸ ಮುಗಿಸಿ ಊಟ ಮಾಡಿದೆ.

ಕಳೆದ ವಾರ ಪೀಣ್ಯದಲ್ಲಿ ಇಳಿದು ಆಫೀಸಿಗೆ ಬಂದು ಕುಳಿತಾಗ, ಹೊಸದಾಗಿ ಸೇರಿದ ಹುಡುಗಿ ಪಕ್ಕದ ಟೇಬಲ್ಲಿನಿಂದ ಬಗ್ಗಿ ನೋಡಿದಳು. "ಯಾಕಕ್ಕಾ, ಕಣ್ಣೆಲ್ಲ ಕೆಂಪಗಾಗಿದೆ?"

"ಏನಿಲ್ಲ ಕಣೇ. ನಮ್ಮ ಮೇಡಂ ಒಬ್ರು ಇದ್ರು..." ಎಂದೆ.

ಇಷ್ಟು ವರ್ಷ ಯಾರ ಹತ್ತಿರ ಅವರ ಮಾತು ತೆಗೆದರೂ, 'ನಮ್ಮ ಮೇಡಂ ಒಬ್ರಿದ್ದಾರೆ' ಎಂದೇ ಶುರು ಮಾಡುತ್ತಿದ್ದೆ. ಫೋಟೊ ನೋಡಿದ ಮೇಲೂ ಹಾಗೇ ಹೇಳಿಕೊಂಡು ಬಂದಿದ್ದೆ. ಆ ದಿನ ನಾಲಿಗೆ ತಾನಾಗಿಯೇ ತಿದ್ದಿಕೊಂಡಿತು. ಹುಡುಗಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದು, ಕೇಳಲು ಕಾದು ಕುಳಿತಳು. ಮೇಡಂ ಮೊದಲ ದಿನ ನಮ್ಮನ್ನು ಕೇಳಿದ ಪ್ರಶ್ನೆಯಿಂದಲೇ ನಾನು ಶುರು ಮಾಡಿದೆ.